ಸೆರಗಿನ ಮೇಲೆ ಇಟಲಿ

ಲಟಕ್, ಲಟಕ್. ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಮಗ್ಗದ ಸದ್ದಿನಲ್ಲಿ. ಆ ತಾಳಕ್ಕೆ ಹೆಜ್ಜೆ ಹಾಕುತ್ತ ಚಳ್ಳಕೆರೆಯ ಕಾಲೇಜಿಗೆ ಬಸ್ಸು ಹಿಡಿಯುವ ನಾನು ಒಂದು ದಿನ ಘನವಾದ ನಿರ್ಧಾರಕ್ಕೆ ಬಂದೆ: ಇಟಲಿಯ ಭಾಷೆಯನ್ನು ಅಪ್ಪನ ಮಗ್ಗಕ್ಕೆ ಏರಿಸಿಯೇ ತೀರುತ್ತೇನೆ!

ಕಾರಣ ಫ್ರಾಂಚೆಸ್ಕಾ. ದೊಡ್ಡಉಳ್ಳಾರ್ತಿ ಕಡೆ ಸಂಶೋಧನೆಗೆಂದು ಬಂದಿದ್ದ ಇಟಲಿಯವರು. ತಮ್ಮ ತಾಯಿಗಾಗಿ ಅಪ್ಪನಿಗೆ ರೇಷ್ಮೆ ಸೀರೆ ಹೇಳಿದ್ದರು. ಮಗ್ಗದ ಮೇಲೆ ಹೊಂಗೆ ಚಿಗುರಿನ ಹಸಿರನ್ನು ಕಂಡು ‘ಸ್ಪ್ರಿಂಗ್’ ಎಂದು ಮೆಲ್ಲಗೆ ಉದ್ಗರಿಸಿದರು. ಅವರ ತಾಯಿಗೆ ಇಂಗ್ಲಿಷ್ ಬಾರದಂತೆ. ಹಾಗಾದರೆ ಆ ಒಂದು ಮಾತನ್ನು ಇಟಲಿಯ ಭಾಷೆಯಲ್ಲಿ, ಸೆರಗಿನ ಮೇಲೆ, ಜರಿಯಲ್ಲಿ ಮೂಡಿಸಿ ಬೆರಗುಗೊಳಿಸೋಣ ಎಂದೆ.

ಅಪ್ಪ ಹಿಂಜರಿದರು. “ಅಕ್ಷರ ಬಿದ್ದ ಸೀರೇನ ಆಯಮ್ಮ ಬ್ಯಾಡ ಅಂದ್ರೆ ಇನ್ಯಾರಮ್ಮ ಉಡ್ತಾರೆ?”

“ನನ್ನ ಮೇಲೆ ಬಿಡಪ್ಪ” ಎಂದೆ. ಜಗತ್ತಿನ ಅನಾಹುತಗಳೆಲ್ಲ ಈ ಮಾತಿನಿಂದಲೇ ಶುರುವಾಗಿರಬೇಕು.

ಫೋನನ್ನು ಕೇಳಿದರೆ ಅದು ಮೊದಲು ಕೊಟ್ಟದ್ದು ‘ಮೊಲ್ಲಾ’. ವಿಚಾರಿಸಿದರೆ ಸೈಕಲ್ ಸೀಟಿನ ಕೆಳಗಿನ ಸುರುಳಿ! ಇನ್ನೊಂದು ನೀರಿನ ಊಟೆ, ಮತ್ತೊಂದು ನೆಗೆತ. ಕಾಲೇಜಿನ ಪಾಠಗಳನ್ನೆಲ್ಲ ಬದಿಗೊತ್ತಿ ಬಸ್ಸಿನಲ್ಲಿ, ತಳಕಿನ ಸ್ಟಾಪಿನಲ್ಲಿ, ಊಟದ ತಟ್ಟೆಯ ಮುಂದೆ ಹುಡುಕಿ ಕೊನೆಗೆ ವಸಂತ ಋತುವನ್ನು ಹಿಡಿದೆ: ‘ಪ್ರಿಮಾವೇರಾ’.

ಉದ್ದ ನೋಡಿ ಅಪ್ಪನ ಮುಖ ಇಳಿಯಿತು. “ಆ ಮೊದಲನೇದು ಸಣ್ಣದಿತ್ತಲ್ಲ, ಅದ್ನೇ ಹಾಕಾಣ.”

ರಾಯದುರ್ಗದ ತವರಿನಿಂದ ಅರ್ಧ ತೆಲುಗು ಹೊತ್ತು ತಂದಿರುವ ಅವ್ವನೂ ಅಪ್ಪನ ಪಕ್ಷ. “ಮೊಲ್ಲ ಅಂದ್ರೆ ಹೂವಲ್ಲೇನೇ, ಚಂದಾಗೈತೆ.”

ಹೆತ್ತವರ ಸೋಮಾರಿತನಕ್ಕೂ ತೆಲುಗಿಗೂ ನಾನು ಬಗ್ಗಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಮಗ್ಗದಲ್ಲಿ ನೇಯುವವರ ಕಣ್ಣಿಗೆ ಕಾಣುವುದು ಸೀರೆಯ ಬೆನ್ನು; ಮುಖ ನೆಲ ನೋಡುತ್ತಿರುತ್ತದೆ. ಹಾಗಾಗಿ ಅಕ್ಷರವನ್ನು ಎಡಬಲ ತಿರುಗಿಸಿ ನೇಯ್ದರೆ ಮಾತ್ರ ಮುಖದ ಕಡೆ ನೆಟ್ಟಗೆ ಬರುತ್ತದೆ. ನೇಕಾರರ ಮಗಳಿಗೆ ಇಷ್ಟೂ ತಿಳಿಯದೇ? ಗ್ರಾಫ್ ಹಾಳೆಯ ಮೇಲೆ ಒಂದೊಂದನ್ನೂ ತಿರುಗಿಸಿಯೇ ಬರೆದು ಗಂಭೀರವಾಗಿ ಅಪ್ಪನ ಕೈಗಿತ್ತೆ. ಅಪ್ಪನಿಗೆ ಇಂಗ್ಲಿಷ್ ಅಕ್ಷರವೂ ಒಂದೇ, ನವಿಲೂ ಒಂದೇ; ಎಂದಿನಂತೆ ನೇಯ್ದರು.

ಮಗ್ಗದ ಮೇಲೆ ಬಗ್ಗಿ ನೋಡಿದೆ. ಪದ ಸಲೀಸಾಗಿ ಓದಿಸಿಕೊಂಡಿತು. ಆಗಲೇ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ.

ಫ್ರಾಂಚೆಸ್ಕಾ ಊರಿಗೆ ಹೊರಡುವ ಹಿಂದಿನ ದಿನ ಬಂದರು. ಅಪ್ಪ ಸೀರೆ ಬಿಚ್ಚಿ ಸೆರಗು ಹರವಿದರು. ಜರಿ ಮಿನುಗಿತು. ‘ಪ್ರಿಮಾವೇರಾ’ ಎಡಬಲ ಅದಲುಬದಲಾಗಿ, ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ನಿಂತಿತ್ತು.

ಫ್ರಾಂಚೆಸ್ಕಾ ಬೆರಳಿನಿಂದ ಅಕ್ಷರಗಳನ್ನು ಸವರಿ, ನಿಮ್ಮ ಕನ್ನಡ ಲಿಪಿ ಎಷ್ಟು ಚೆಲುವಾಗಿದೆ ಎಂದು ಇಂಗ್ಲಿಷಿನಲ್ಲಿ ಮೆಚ್ಚಿಕೊಂಡರು.

“ಏನಂತಾರೆ?” ಅಪ್ಪ ನನ್ನತ್ತ ಬಾಗಿ ಕೇಳಿದರು.

“ಚಂದಾಗೈತೆ ಅಂತಾರಪ್ಪ.”

ಫ್ರಾಂಚೆಸ್ಕಾ ಕಡೆ ತಿರುಗಿ, ಹೌದು, ಕನ್ನಡವೇ ಎಂದೆ. ಊಟ ನಿದ್ದೆ ಬಿಟ್ಟು ಗೆದ್ದ ಇಟಲಿಯನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟೆ. ಅಪ್ಪನ ಮುಖ ಅರಳಿತು. ಅಷ್ಟಕ್ಕೆ ಮುಗಿದಿದ್ದರೆ ನಾನು ಇಂದಿಗೂ ವಿದುಷಿಯೇ.

ಆದರೆ ಅವ್ವನ ಉಪಚಾರ ಸುಮ್ಮನಿರಬೇಕಲ್ಲ. ಸೆರಗನ್ನು ಅವರ ಹೆಗಲಿಗೆ ಹೊದಿಸಿ, ಕೈಹಿಡಿದು ಬೀರುವಿನ ಕನ್ನಡಿಯ ಮುಂದೆ ನಿಲ್ಲಿಸಿದಳು.

ಫ್ರಾಂಚೆಸ್ಕಾ ತಮ್ಮನ್ನು ನೋಡಿಕೊಂಡರು. ಮುಗುಳ್ನಕ್ಕರು. ಆಮೇಲೆ ಕನ್ನಡಿಗೆ ಹತ್ತಿರ ಬಾಗಿ, ನಿಧಾನವಾಗಿ, ತಮ್ಮೂರಿನ ಉಚ್ಚಾರಣೆಯಲ್ಲಿ ಓದಿದರು: “ಪ್ರಿಮಾವೇರಾ.”

ಅವ್ವ ಬೆರಗಾದಳು. “ಎಷ್ಟು ಚಂದಾಗಿ ಓದಿಬಿಟ್ಲು ನೋಡೇ!”

ಅಪ್ಪ ಮಾತ್ರ ಕನ್ನಡಿಯನ್ನೊಮ್ಮೆ, ಸೆರಗನ್ನೊಮ್ಮೆ ನೋಡಿ ನನ್ನತ್ತ ತಿರುಗಿದರು. “ಹಾಳೆ ಮ್ಯಾಲೆ ನೀನೂ ತಿರುವಿ ಬರೆದಿದ್ದೇನಮ್ಮ? ನಾನು ಎಂದಿನಂಗೆ ತಿರುವಿಬಿಟ್ಟೆನಲ್ಲ.”

ಫ್ರಾಂಚೆಸ್ಕಾ ಸೆರಗನ್ನು ಹೆಗಲಿನಿಂದ ಇಳಿಸಲೇ ಇಲ್ಲ. ಅದನ್ನು ಎದೆಗವುಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬಹಳ ಮೃದುವಾಗಿ ನನ್ನನ್ನು ಕೇಳಿದರು: ಕನ್ನಡದಲ್ಲೂ ಇದಕ್ಕೆ ಪ್ರಿಮಾವೇರಾ ಎಂದೇ ಹೇಳುತ್ತೀರಾ?

“ಏನಂತೆ, ಏನಂತೆ?” ಅಪ್ಪ ಅವ್ವ ಇಬ್ಬರೂ ಒಟ್ಟಿಗೆ.

“ಒಲೆ ಮ್ಯಾಲೆ ಹಾಲಿಟ್ಟಿದ್ದೆ, ಉಕ್ಕೀತು…” ಎನ್ನುತ್ತ, ತೊಟ್ಟು ಹಾಲಿಲ್ಲದ ಅಡುಗೆಮನೆಯ ಕಡೆ ನಡೆದೆ.