ಒಂದು ಕಾಲರಿಗೆ ಐವತ್ತಮೂರು ಸೆಕೆಂಡು

ನಲವತ್ತರ ಹತ್ತಿರ ಬಂದಮೇಲೆ ಓದಲು ಕೂರುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಓದಿದ್ದನ್ನು ಪರೀಕ್ಷೆಯವರೆಗೆ ಒಳಗೇ ಇಟ್ಟುಕೊಳ್ಳುವ ತಾಳ್ಮೆ ಇರುವುದಿಲ್ಲ. ಕಾಲೇಜಿನ ಮಕ್ಕಳು ಕಲಿತದ್ದನ್ನೆಲ್ಲ ಉತ್ತರಪತ್ರಿಕೆಯಲ್ಲಿ ಇಳಿಸಿ, ಹೊರಗೆ ಬಂದು ಚುರುಮುರಿ ತಿಂದು ಮರೆತುಬಿಡುತ್ತಾರೆ; ಅದರಿಂದ ಯಾರಿಗೂ ತೊಂದರೆಯಿಲ್ಲ. ನಮ್ಮಂಥವರು ಹಾಗಲ್ಲ. ಬೆಳಿಗ್ಗೆ ಒಂದು ಪಾಠ ಓದಿದರೆ ಮಧ್ಯಾಹ್ನದೊಳಗೆ ಅದನ್ನು ಯಾರ ಮೇಲಾದರೂ ಪ್ರಯೋಗ ಮಾಡಿ ನೋಡಬೇಕು. ಹಾಗೆ ಮಾಡಿ ನಾನು ಒಬ್ಬಳಿಗೆ ಅನ್ಯಾಯ ಮಾಡಿದೆ. ಅದನ್ನು ಹೇಳಿಕೊಳ್ಳದೆ ಸಮಾಧಾನವಿಲ್ಲ.

ನಾನಿರುವುದು ಟಿ. ನರಸೀಪುರದಲ್ಲಿ, ಕೆಲಸ ನಂಜನಗೂಡಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ದಿನಾ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ದಾರ ಕತ್ತರಿಸುವ ಹೆಲ್ಪರಾಗಿ ಸೇರಿ, ಆಮೇಲೆ ಟೈಲರಾಗಿ, ಈಗ ಒಂದು ಲೈನಿನ ಸೂಪರ್‌ವೈಸರ್ ಆಗಿದ್ದೇನೆ. ಇದರ ಮೇಲಿನ ಮೆಟ್ಟಿಲು ಫ್ಲೋರ್ ಇನ್‌ಚಾರ್ಜ್. ಅದಕ್ಕೆ ಡಿಗ್ರಿ ಬೇಕು ಎಂದರು. ದೂರಶಿಕ್ಷಣದಲ್ಲಿ ಬಿಬಿಎ ಕಟ್ಟಿದೆ. ಮೊದಲ ಎರಡು ವರ್ಷ ಹೇಗೋ ದಾಟಿತು. ಮೂರನೆಯ ವರ್ಷಕ್ಕೆ ಉತ್ಪಾದನೆ ಮತ್ತು ಕಾರ್ಯಾಚರಣೆಗಳ ನಿರ್ವಹಣೆ ಎಂಬ ವಿಷಯ ಬಂತು. ಉಳಿದ ವಿಷಯಗಳನ್ನೆಲ್ಲ ಕಷ್ಟಪಟ್ಟು ಬಾಯಿಪಾಠ ಮಾಡಿದವಳಿಗೆ ಇದೊಂದು ಮಾತ್ರ ತವರುಮನೆಗೆ ಬಂದ ಹಾಗಾಯಿತು. ಲೈನು, ಬಂಡಲ್ಲು, ಟಾರ್ಗೆಟ್ಟು, ಎಲ್ಲವೂ ನಾನು ದಿನಾ ನೋಡುವುದೇ. ಅದಕ್ಕೆಲ್ಲ ಇಷ್ಟು ಗಂಭೀರವಾದ ಹೆಸರುಗಳಿವೆ ಎಂದು ಗೊತ್ತಿರಲಿಲ್ಲ, ಅಷ್ಟೆ.

ಮೊದಲ ಪ್ರಯೋಗ ಮನೆಯ ಮೇಲೆಯೇ ಆಯಿತು. ಸರಕನ್ನು ಮುಂಚಿತವಾಗಿ ತಂದು ಗುಡ್ಡೆ ಹಾಕಬಾರದು, ಬೇಕಾದಾಗ ಬೇಕಾದಷ್ಟೇ ತರಿಸಬೇಕು, ಜಪಾನಿನಲ್ಲಿ ಹಾಗೇ ಮಾಡುತ್ತಾರೆ ಎಂದು ಪುಸ್ತಕದಲ್ಲಿತ್ತು. ನಾನೂ ರಾಗಿ ಹಿಟ್ಟು ಡಬ್ಬದ ತಳ ಕಾಣುವವರೆಗೆ ಸುಮ್ಮನಿದ್ದು, ತಳ ಕಂಡ ದಿನ ಮಿಲ್ಲಿಗೆ ಹೋದೆ. ಮಿಲ್ಲಿನ ಮೋಟಾರು ಸುಟ್ಟುಹೋಗಿತ್ತು. ಜಪಾನಿನವರು ಮುದ್ದೆ ಉಣ್ಣುವುದಿಲ್ಲವಾದ್ದರಿಂದ ಅವರಿಗೆ ಈ ಕಷ್ಟ ಬಂದಿರಲಾರದು. ನಮ್ಮೆಜಮಾನರು ಪಕ್ಕದ ಹಳ್ಳಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ. ರಾತ್ರಿಯ ಮುದ್ದೆ ತಪ್ಪಿದರೆ ಮಾತು ಬಿಡುವ ಮನುಷ್ಯ. ಎರಡು ದಿನ ಉಪ್ಪಿಟ್ಟು ತಿಂದು ಮೂರನೆಯ ದಿನ ಕೈ ತೊಳೆಯುತ್ತಾ, ನೀನು ಪಾಸಾಗುವವರೆಗೆ ನಾನು ಬದುಕಿದ್ದರೆ ಸಾಕು ಎಂದರು. ಅಷ್ಟಕ್ಕೇ ನಾನು ನಿಲ್ಲಬೇಕಾಗಿತ್ತು.

ನಿಲ್ಲುವ ಹಾಗಿರಲಿಲ್ಲ, ಏಕೆಂದರೆ ಪ್ರಾಜೆಕ್ಟ್ ಬರೆದು ಕೊಡಬೇಕಾಗಿತ್ತು. ಯಾವುದಾದರೂ ಒಂದು ಕೆಲಸವನ್ನು ಗಡಿಯಾರ ಹಿಡಿದು ಅಳೆದು, ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಕಟ್ಟಿ, ಕಂಪನಿಯವರ ಸಹಿ ಮೊಹರು ಹಾಕಿಸಿ ಸಲ್ಲಿಸಬೇಕು. ನಾನು ಆರಿಸಿಕೊಂಡದ್ದು ಶರ್ಟಿಗೆ ಕಾಲರ್ ಜೋಡಿಸುವ ಕೆಲಸ. ನಮ್ಮ ಲೈನಿನಲ್ಲಿ ಅದನ್ನು ಮಾಡುವವಳು ಮಾದೇವಕ್ಕ. ಸುತ್ತೂರಿನಲ್ಲಿ ಬಸ್ಸು ಹತ್ತುತ್ತಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಸೇರುವ ಹೊತ್ತಿಗಾಗಲೇ ಆ ಮಿಷನ್ನಿನ ಮುಂದೆ ಕೂತಿದ್ದವಳು. ಕತ್ತರಿ ಹಿಡಿದುಕೊಂಡು ದಾರ ಕತ್ತರಿಸುತ್ತಿದ್ದ ನನ್ನನ್ನು ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊಲಿಗೆ ಕಲಿಸಿದವಳು ಅವಳೇ. ತನ್ನ ಬುತ್ತಿ ಆರಿ ತಣ್ಣಗಾಗುತ್ತಿದ್ದರೂ ನನ್ನ ಬೆರಳು ಹಿಡಿದು ಕಾಲರಿನ ಮೂಲೆ ತಿರುಗಿಸಿ ತೋರಿಸುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಇವತ್ತಿಗೂ ದಾರವನ್ನೇ ಕತ್ತರಿಸುತ್ತಿದ್ದೆ.

ಬಸ್ಸಿನಲ್ಲಿ ಅವಳ ಪಕ್ಕ ಕೂತು ವಿಷಯ ತಿಳಿಸಿದೆ. ನಾಳೆ ನಿನ್ನ ಕೆಲಸವನ್ನು ಅಳೆಯುತ್ತೇನೆ, ಅದರ ಮೇಲೆಯೇ ನನ್ನ ಮಾರ್ಕ್ಸು ನಿಂತಿದೆ, ನನ್ನ ಪಾಸು ಫೇಲು ನಿನ್ನ ಕೈಯಲ್ಲಿದೆ ಎಂದು ಸ್ವಲ್ಪ ದೊಡ್ಡದು ಮಾಡಿಯೇ ಹೇಳಿದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು.

ಮರುದಿನ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅವಳ ಬೆನ್ನ ಹಿಂದೆ ನಿಂತೆ. ಮಾದೇವಕ್ಕ ತಲೆ ಎತ್ತಲಿಲ್ಲ. ಕಾಲರ್ ಎತ್ತಿಕೊಂಡಳು, ಇಟ್ಟಳು, ತಿರುಗಿಸಿದಳು, ಮುಗಿಸಿದಳು, ಮುಂದಿನದು. ಐವತ್ತೈದು ಸೆಕೆಂಡು, ಐವತ್ತೆರಡು, ಐವತ್ತಮೂರು. ಹೀಗೆ ಎರಡು ಗಂಟೆ. ಒಂದು ಸಲವೂ ಎದ್ದು ಹೋಗಲಿಲ್ಲ, ಪಕ್ಕದವಳ ಜೊತೆ ಒಂದು ಮಾತೂ ಆಡಲಿಲ್ಲ. ನಮ್ಮ ಶಾಸ್ತ್ರದ ಪ್ರಕಾರ ಅಳೆದವರು ಇಷ್ಟಕ್ಕೇ ಬಿಡುವ ಹಾಗಿಲ್ಲ. ಕೆಲಸ ಮಾಡಿದವರು ದಿನನಿತ್ಯದ ವೇಗದಲ್ಲಿ ಮಾಡಿದರೋ, ಅದಕ್ಕಿಂತ ಬೇಗ ಮಾಡಿದರೋ ಎಂದು ಅಂದಾಜಿಸಿ ಒಂದು ಅಂಕ ಹಾಕಬೇಕು. ನೂರು ಎಂದರೆ ದಿನನಿತ್ಯದ ವೇಗ; ಅವಸರ ಮಾಡಿದ್ದರೆ ನೂರಕ್ಕಿಂತ ಹೆಚ್ಚು ಬರೆದು ಕಾಲವನ್ನು ಹಿಗ್ಗಿಸಬೇಕು. ಆಮೇಲೆ ನೀರು ಕುಡಿಯಲು, ಬಾತ್‌ರೂಮಿಗೆ, ದಣಿವಿಗೆ ಎಂದು ಇನ್ನಷ್ಟು ಸಮಯ ಸೇರಿಸಬೇಕು. ನಾನು ಅವಳ ಮುಖ ನೋಡಿದೆ. ಶಾಂತವಾಗಿತ್ತು. ನೂರು ಎಂದು ಬರೆದೆ. ಏಳಲೇ ಇಲ್ಲವಲ್ಲ ಎಂದು ದಣಿವಿನ ಸಮಯವನ್ನೂ ಸೇರಿಸಲಿಲ್ಲ. ಒಂದು ಕಾಲರಿಗೆ ಐವತ್ತಮೂರು ಸೆಕೆಂಡು, ಗಂಟೆಗೆ ಅರವತ್ತೆಂಟು ಎಂದು ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಎರಡು ಗೆರೆ ಎಳೆದೆ. ಆ ಎರಡು ಗೆರೆಗೆ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಪ್ರೊಡಕ್ಷನ್ ಮ್ಯಾನೇಜರು ಸಹಿ ಹಾಕುವ ಮುಂಚೆ ಏನನ್ನೂ ಓದುವವರಲ್ಲ. ನನ್ನ ದುರದೃಷ್ಟಕ್ಕೆ ಕೊನೆಯ ಪುಟ ಓದಿದರು. ಅಲ್ಲಿಯವರೆಗೆ ಕಾಲರಿನ ಟಾರ್ಗೆಟ್ಟು ಗಂಟೆಗೆ ಐವತ್ತಿತ್ತು. ಸೋಮವಾರ ಬೋರ್ಡಿನ ಮೇಲೆ ಇಡೀ ಲೈನಿಗೇ ಅರವತ್ತೆಂಟು ಎಂದು ಬರೆದಿತ್ತು.

ಮಾದೇವಕ್ಕ ಮೊದಲ ದಿನ ಐವತ್ತಾರಕ್ಕೆ ತಲುಪಿದಳು, ಎರಡನೆಯ ದಿನ ಐವತ್ತನಾಲ್ಕು. ಅವಳ ಎಡಗಡೆ ಹೊಲಿಯದೆ ಉಳಿದ ಬಂಡಲ್ಲುಗಳು ಬೆಳೆದವು. ಮುಂದಿನ ಮಿಷನ್ನಿನವರು ಕೈಕಟ್ಟಿ ಕೂತರು. ಬಸ್ಸಿನಲ್ಲಿ ಹೆಂಗಸರೆಲ್ಲ ಟಾರ್ಗೆಟ್ಟು ಏರಿಸಿದ ಪುಣ್ಯಾತ್ಮ ಯಾರೋ ಅವನ ಮನೆ ಹಾಳಾಗಲಿ ಎಂದು ಶಪಿಸುತ್ತಿದ್ದರು. ನಾನೂ ಜೊತೆಗೆ ತಲೆಯಾಡಿಸಿದೆ. ಬೆಂಗಳೂರಿನ ಆಫೀಸಿನವರ ಕೆಲಸವೇ ಇರಬೇಕು ಎಂದು ಯಾರೋ ಅಂದರು. ಅದಕ್ಕೂ ತಲೆಯಾಡಿಸಿದೆ.

ಆ ವಾರ ಮಾದೇವಕ್ಕನ ನೀರಿನ ಬಾಟಲಿ ಸಂಜೆಯವರೆಗೂ ತುಂಬಿದ ಹಾಗೇ ಇರುವುದನ್ನು ನೋಡಿದೆ. ಯಾಕಕ್ಕ ನೀರು ಕುಡಿಯಲ್ಲ ಎಂದು ಕೇಳಿದ್ದಕ್ಕೆ ಅವಳು ಸಹಜವಾಗಿ ಹೇಳಿದಳು: "ಕುಡುದ್ರೆ ಎದ್ ಓಗ್ಬೇಕಲ್ಲವ್ವ. ನೀ ಅಳುದ್ ದಿನಾನೂವೆ ಬೆಳಿಗ್ಗಿಂದ ಒಂದ್ ತೊಟ್ಟು ಕುಡುದಿರ್ನಿಲ್ಲ ಕನ. ನಿನ್ ಮಾರ್ಕ್ಸ್‌ಗೆ ತೊಂದ್ರೆ ಆಗ್ಬಾರ್ದು ಅಂತ ಉಸ್ರು ಬಿಗಿ ಇಡ್ಕಂಡು ಒಲ್ದೆ."

ಪುಸ್ತಕದ ಪ್ರಕಾರ ಗಡಿಯಾರ ಕಂಡರೆ ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ, ಅಳೆಯುವವರು ಎಚ್ಚರವಾಗಿರಬೇಕು. ಅಳೆಯುವವಳು ಪಾಸಾಗಲಿ ಎಂದು ನೀರು ಬಿಟ್ಟು ಹೊಲಿಯುವವರ ಬಗ್ಗೆ ಯಾವ ಅಧ್ಯಾಯದಲ್ಲೂ ಬರೆದಿಲ್ಲ. ಅವಳ ಮುಖದ ಶಾಂತಿ ಪರೀಕ್ಷೆಗೆ ಕೂತವರದ್ದು, ನಾನು ಅದನ್ನು ದಿನನಿತ್ಯದ್ದೆಂದು ತಿಳಿದಿದ್ದೆ. ನನಗೆ ನಾಚಿಕೆಯಾಯಿತು. ಆದರೆ ಬರೀ ನಾಚಿಕೆಯಿಂದ ನಾನು ಮ್ಯಾನೇಜರ ಹತ್ತಿರ ಹೋದೆ ಎಂದರೆ ಸುಳ್ಳಾಗುತ್ತದೆ. ಶುಕ್ರವಾರ ಅವರೇ ಕರೆದು, ಮುಂದಿನ ವಾರದಿಂದ ಮಾದೇವಮ್ಮನನ್ನು ಹೆಲ್ಪರ್ ಮಾಡಿ, ದಾರ ಕತ್ತರಿಸಲಿ, ಆ ಮಿಷನ್ನಿಗೆ ಬೇರೆಯವರನ್ನು ನೋಡಿ ಎಂದರು. ಆಗ ಮಾತ್ರ ನನ್ನ ಬಾಯಿ ತೆರೆಯಿತು.

ಲೆಕ್ಕ ತಪ್ಪಿದೆ ಸರ್, ಅವಳು ಆ ದಿನ ಅವಸರ ಮಾಡಿದ್ದಳು, ನಾನು ನೂರು ಹಾಕಬಾರದಿತ್ತು ಎಂದೆ. ಅವರು ನಕ್ಕು, "ಎರಡು ಗಂಟೆ ಮಾಡೋಕಾಗುತ್ತೆ ಅಂದ್ರೆ ಎಂಟು ಗಂಟೇನೂ ಆಗುತ್ತೆ. ಹಾಗಾದ್ರೆ ಇಷ್ಟು ವರ್ಷ ಮೈಗಳ್ಳತನ ಮಾಡಿದ್ರು ಅಂತಲೇ ಅರ್ಥ ಅಲ್ವಾ?" ಎಂದರು. ನಿಜ ಹೇಳಲು ಹೋಗಿ ಅವಳನ್ನು ಇನ್ನೂ ಹಳ್ಳಕ್ಕೆ ತಳ್ಳಿದೆನಲ್ಲ ಎಂದು ಹೆದರಿಕೆಯಾಯಿತು. ಬೇರೇನೂ ತೋಚದೆ, ನೀವೇ ಗಡಿಯಾರ ಹಿಡಿಯಿರಿ ಸರ್, ನಾನು ಕೂರುತ್ತೇನೆ ಎಂದುಬಿಟ್ಟೆ.

ಕೂತೆ. ಮಿಷನ್ ಬಿಟ್ಟು ಆರು ವರ್ಷವಾಗಿತ್ತು. ಮಾದೇವಕ್ಕ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮ್ಯಾನೇಜರು ಕುರ್ಚಿ ತರಿಸಿ ಕೂತರು. ದಾರ ಎರಡು ಸಲ ತುಂಡಾಯಿತು, ಒಂದು ಸಲ ಬಂಡಲ್ ಬರುವುದು ತಡವಾಯಿತು, ಸೂಜಿ ಮುರಿಯಿತು. ನಲವತ್ತನೆಯ ನಿಮಿಷಕ್ಕೆ ನನ್ನ ಸೊಂಟ ಬೇರೆಯವರದ್ದಾಗಿತ್ತು. ಗಂಟೆ ಮುಗಿದಾಗ ಮೂವತ್ತೊಂಬತ್ತು ಕಾಲರ್, ಅದರಲ್ಲಿ ಏಳನ್ನು ಚೆಕಿಂಗ್‌ನವರು ವಾಪಸ್ಸು ಕಳಿಸಿದರು. ಮಾದೇವಕ್ಕ ಆ ಏಳನ್ನೂ ಎತ್ತಿಕೊಂಡು ಹೊಲಿಗೆ ಬಿಚ್ಚಲು ಕೂತಳು. ಮ್ಯಾನೇಜರು ಸ್ಟಾಪ್‌ವಾಚ್ ನಿಲ್ಲಿಸಿ ಎದ್ದರು. ಕೆಟ್ಟ ಮನುಷ್ಯರಲ್ಲ, ಒಂದು ಮಿಷನ್ನಿನ ಮುಂದೆ ಒಂದು ಗಂಟೆ ಪೂರ್ತಿ ಕೂತು ನೋಡಿದ್ದು ಅವರಿಗೆ ಅದೇ ಮೊದಲಿರಬೇಕು.

ಚೇಂಬರಿಗೆ ಕರೆದು ಹೇಳಿದರು: ಟಾರ್ಗೆಟ್ಟು ಹಳೆಯದಕ್ಕೇ ಇಳಿಸುತ್ತೇನೆ, ಆದರೆ ಆ ರಿಪೋರ್ಟಿನಲ್ಲಿ ನನ್ನ ಸಹಿಯಿದೆ, ಕಾಗದದಲ್ಲೊಂದು ಬೋರ್ಡಿನಲ್ಲೊಂದು ಇರಬಾರದು, ಅದನ್ನು ವಾಪಸ್ಸು ಕೊಡು. ಪ್ರಾಜೆಕ್ಟ್ ಸಲ್ಲಿಸಲು ಎರಡೇ ದಿನವಿತ್ತು, ಹೊಸದಾಗಿ ಅಳೆದು ಬರೆಯುವಷ್ಟು ಹೊತ್ತಿರಲಿಲ್ಲ. ಈ ಸಲ ಬಿಟ್ಟರೆ ಮುಂದಿನ ವರ್ಷ. ಯೂನಿವರ್ಸಿಟಿಗೆ ಮಾತ್ರ ಅದನ್ನೇ ಕಳಿಸುತ್ತೇನೆ, ಇಲ್ಲಿ ಯಾರಿಗೂ ತೋರಿಸುವುದಿಲ್ಲ ಸರ್ ಎಂದು ಒಂದು ಸಲ ಬೇಡಿದೆ. ಆಗುವುದಿಲ್ಲ ಎಂದರು. ಗಾಜಿನಾಚೆ ಮಾದೇವಕ್ಕ ನನ್ನ ಏಳನೆಯ ಕಾಲರನ್ನು ಬಿಚ್ಚುತ್ತಿದ್ದಳು. ಕೊಟ್ಟುಬಿಟ್ಟೆ.

ಆ ದಿನದಿಂದ ಲೈನಿನಲ್ಲಿ ನನ್ನ ಮರ್ಯಾದೆ ಹೆಚ್ಚಿತು. ನಮಗೋಸ್ಕರ ಸೂಪರ್‌ವೈಸರು ತಾನೇ ಮಿಷನ್ನಿಗೆ ಕೂತಳು, ಮ್ಯಾನೇಜರಿಗೇ ಎದುರು ನಿಂತಳು ಎಂದು ಬೇರೆ ಲೈನಿನವರೂ ಹೇಳಿಕೊಂಡರು. ರಿಪೋರ್ಟ್ ವಾಪಸ್ಸು ಕೊಟ್ಟದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಟಾರ್ಗೆಟ್ಟು ಏರಿಸಿದ ಪುಣ್ಯಾತ್ಮ ಯಾರು ಎನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಫಲಿತಾಂಶ ಬಂದಾಗ ಬಸ್ಸಿನಲ್ಲಿ ಎಲ್ಲರೂ ವಿಚಾರಿಸಿದರು. ಪ್ರಾಜೆಕ್ಟಿನಲ್ಲಿ ಹೋಯಿತು, ಮುಂದಿನ ವರ್ಷ ಮತ್ತೆ ಕೊಡಬೇಕು ಎಂದೆ. ಸುತ್ತೂರಿನಲ್ಲಿ ಹತ್ತಿದ ಮಾದೇವಕ್ಕನಿಗೂ ಯಾರೋ ತಿಳಿಸಿದರು. ಅವಳು ಬಂದು ನನ್ನ ಪಕ್ಕ ಕೂತು, ನನ್ನ ಕೈ ಹಿಡಿದುಕೊಂಡಳು.

"ನಂದೇ ತೆಪ್ಪು ಕನವ್ವ. ಇನ್ನೂ ವಸಿ ಬಿರ್ರನೆ ಒಲೀಬೇಕಾಗಿತ್ತು. ನಿನ್ ಒಂದ್ ವರ್ಸ ಆಳ್ ಮಾಡ್ಬುಟ್ಟೆ."

ಇಲ್ಲಕ್ಕ, ತಪ್ಪು ನಿನ್ನದಲ್ಲ, ನಾನೇ ಬರೆದದ್ದು ಸರಿಯಿರಲಿಲ್ಲ ಎಂದೆ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯ ಬಿಡು ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸೀಟಿನಿಂದ ಯಾರೋ, ಪಾಪ ಅವಳು ಅಷ್ಟು ಕಷ್ಟಪಟ್ಟು ಓದಿದ್ದಳು, ಮಾದೇವಕ್ಕ ಒಂದು ದಿನ ಮನಸ್ಸಿಟ್ಟು ಮಾಡಬಾರದಿತ್ತಾ ಎಂದರು. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಇದ್ದದ್ದನ್ನು ಹೇಳಬಹುದಾಗಿತ್ತು. ನಂಜನಗೂಡು ಬರಲು ಬೇಕಾದಷ್ಟು ಹೊತ್ತಿತ್ತು. ಆದರೆ ಅಷ್ಟು ಜನ ಒಟ್ಟಿಗೆ ನನಗಾಗಿ ಮರುಗಿದ್ದು ಅದೇ ಮೊದಲು, ಅದು ಹಿತವಾಗಿತ್ತು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಬಸ್ಸಿನಲ್ಲಿ ಹೇಳಲಾರದ್ದನ್ನು ಇಲ್ಲಿ ಒಂದಕ್ಷರ ಬಿಡದೆ ಬರೆದಿದ್ದೇನೆ. ಮಾದೇವಕ್ಕನಿಗೆ ಓದಲು ಬರುವುದಿಲ್ಲ.