ಮೂರು ಗುಳಿಗೆ, ಒಂದು ಚಿಲಕ

"ಡಬ್ಬದ ಮೇಲೆ ಒಂದು ಅಂತ ಬರ್ದದ್ದು ಕಾಣುದಿಲ್ವಾ ನಿಮ್ಗೆ? ಮೂರು ತಿಂದದ್ದು ಯಾಕೆ? ಗೋಳಿಬಜೆಯಾ ಅದು?"

"ಬೊಬ್ಬೆ ಹಾಕ್ಬೇಡ ಮಾರಾಯ್ತಿ, ಗಿರಾಕಿಗಳು ಕೇಳ್ತಾರೆ!"

"ಕೇಳ್ಲಿ! ನಿಮ್ಮ ಮಂಡೆಯಲ್ಲಿ ಎಂತ ಉಂಟು ಅಂತ ಅವರಿಗೂ ಗೊತ್ತಾಗ್ಲಿ!"

ಮರಾಠಿ ಸೀಮೆಯ ಹಡಪಸರದ ಹೋಟೆಲೊಂದರ ಅಡಿಗೆಮನೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಹೀಗೆ ಕೂಗಾಡುತ್ತಿದ್ದವರು ಯಜಮಾನ ಸಂಕಪ್ಪ ಮತ್ತು ಅವನ ಹೆಂಡತಿ ಅಪ್ಪಿ. ಇಪ್ಪತ್ತೆಂಟು ವರ್ಷ ಗಲ್ಲಾದ ಹಿಂದೆ ನಿಂತು ನಿಂತು ಸಂಕಪ್ಪನ ಕಾಲು ಕೆಟ್ಟಿತ್ತು. ಮಲಗಿದರೆ ಸಾಕು, ಮೀನಖಂಡವನ್ನು ಯಾರೋ ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದರು. ಇದಕ್ಕೆ ಮದ್ದು ಹೇಳಿದವನು ಡಾಕ್ಟರಲ್ಲ, ರಾಮಲಿಂಗಪ್ಪ. ವಿಜಯಪುರದ ಕಡೆಯವನು, ಪಕ್ಕದ ಲಾರಿ ಆಫೀಸಿನ ಗುಮಾಸ್ತ. ದಿನಕ್ಕೆ ನಾಲ್ಕು ಸಲ ಬಂದು ಒಂದು ಚಹಾಕ್ಕೆ ಎರಡು ಸಲಹೆ ಕೊಡುವ ಗಿರಾಕಿ.

"ನಿಮ್ಮ ಮೈಯಾಗ ಮೆಗ್ನೀಸಿಯಂ ಕಮ್ಮಿ ಆಗೇದ್ರಿ ಶೆಟ್ರ. ನಾ ವರ್ಷದಿಂದ ದಿನಾ ತಗೋತೀನಿ. ನನ್ನ ಕಾಲ ನೋಡ್ರಿ, ಎತ್ತಿನ ಕಾಲ ಇದ್ದಂಗ ಅದಾವ" ಎಂದು ಹಿಂದಿನ ದಿನ ಮನೆಯಿಂದಲೇ ಒಂದು ಡಬ್ಬ ತಂದುಕೊಟ್ಟಿದ್ದ. ಅದರ ಸೀಲು ಒಡೆದವನು ಸಂಕಪ್ಪನೇ.

ಈ ದಿನ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಖಾಲಿ ಹೊಟ್ಟೆಗೆ ಮೂರು ನುಂಗಿದ್ದ. ಸಾಂಬಾರಿಗೆ ಒಂದು ಹಿಡಿ ಬೇಳೆ ಜಾಸ್ತಿ ಬಿದ್ದರೆ ಕೆಡುತ್ತದೆಯೇ ಎಂಬುದು ಅವನ ಲೆಕ್ಕ. ಹತ್ತು ಗಂಟೆಗೆ ಹೊಟ್ಟೆಯೊಳಗೆ ಗ್ರೈಂಡರ್ ಶುರುವಾಯಿತು. ಹತ್ತೂವರೆಗೆ ಅವನು ಮೂರು ಸಲ ಹಿಂದಕ್ಕೆ ಹೋಗಿ ಬಂದಾಗಿತ್ತು.

ಬೇರೆ ದಿನವಾದರೆ ಗಲ್ಲಾ ಮುಚ್ಚಿ ಮನೆಗೆ ಹೋಗಬಹುದಿತ್ತು. ಇವತ್ತು ಆಗುವಂತಿರಲಿಲ್ಲ. ಎದುರಿನ ರಸ್ತೆ ಅಗೆದು ಹಾಕಿದ ಮೇಲೆ ಗಿರಾಕಿ ಅರ್ಧಕ್ಕೆ ಇಳಿದಿತ್ತು. ಹೋಟೆಲು ಉಳಿಯಬೇಕಾದರೆ ಹಿಂದಿನ ಬೀದಿಯ ಕಂಪ್ಯೂಟರ್ ಕಂಪನಿಯ ಕ್ಯಾಂಟೀನು ಸಿಗಬೇಕು. ಮುನ್ನೂರು ಜನರ ಊಟ. ಅದನ್ನು ಗೊತ್ತು ಮಾಡಲು ಕಂಪನಿಯ ಸುಲಭಾ ಮೇಡಂ ಹನ್ನೊಂದು ಗಂಟೆಗೆ ಬರುವವರಿದ್ದರು. ಅವರು ಈ ಹೋಟೆಲನ್ನೇ ಆರಿಸಿದ್ದಕ್ಕೂ ಒಂದು ಕಾರಣವಿತ್ತು. ಸಂಕಪ್ಪನ ಅಪ್ಪನ ಕಾಲದಿಂದ ಇಲ್ಲೊಂದು ಪದ್ಧತಿ. ಬೀದಿಗೆ ಕಾಣುವ ಒಂದನೇ ಟೇಬಲಿನಲ್ಲಿ ಕೂತು, ಗಿರಾಕಿಗೆ ಬಡಿಸಿದ್ದನ್ನೇ ಯಜಮಾನ ದಿನಾ ಎಲ್ಲರೆದುರು ಉಣ್ಣಬೇಕು. ಬೇರೆ ಹೋಟೆಲಿನವರು ಬಣ್ಣದ ಬೋರ್ಡು ಹಾಕಿದ್ದರು. ಇವರಿಗೆ ಈ ಊಟವೇ ಬೋರ್ಡು.

"ಇವತ್ತು ಒಂದನೇ ಟೇಬಲಿಗೆ ಕೂತ್ಕೊಳ್ಬೇಡಿ" ಎಂದಳು ಅಪ್ಪಿ.

"ಕೂತ್ಕೊಳ್ಳದಿದ್ರೆ ಅವ್ರು ಎಂತ ತಿಳ್ಕೊಳ್ತಾರೆ?"

"ಕೂತು ಎದ್ದು ಓಡಿದ್ರೆ ಎಂತ ತಿಳ್ಕೊಳ್ತಾರೆ, ಅದನ್ನ ಹೇಳಿ!"

ಸಂಕಪ್ಪ ಕಣ್ಣು ಕೆಂಪು ಮಾಡಿ ಹೊರಗೆ ಬಂದ.

ಸುಲಭಾ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಜೊತೆಗೆ ಅವಿನಾಶ್ ಎಂಬ ತೆಳ್ಳನೆಯ ಸಹಾಯಕ, ಕೈಯಲ್ಲಿ ಸಹಿಗೆ ತಂದ ಕಾಗದ. ಮಾತೆಲ್ಲ ಮರಾಠಿಯಲ್ಲಿ. "ಅಣ್ಣಾ, ನೀವು ತಿನ್ನಿ, ನಾವೂ ತಿನ್ನುತ್ತೇವೆ" ಎಂದು ನಕ್ಕು ಕೂತರು. ಇಡ್ಲಿ ಬಂತು, ವಡೆ ಬಂತು. ಸಂಕಪ್ಪ ಒಂದು ತುಂಡು ಇಡ್ಲಿ ಬಾಯಿಗಿಟ್ಟ.

"ಒಂದು ಫೋನು" ಎಂದು ಎದ್ದ. ಫೋನು ಟೇಬಲಿನ ಮೇಲೇ ಇತ್ತು.

ಹೋಟೆಲಿಗೆ ಇದ್ದದ್ದು ಒಂದೇ ಪಾಯಿಖಾನೆ. ಅದರ ದಾರಿ ಎಲ್ಲ ಟೇಬಲುಗಳ ನಡುವೆ. ಅದರ ಕಬ್ಬಿಣದ ಚಿಲಕ ಬಿದ್ದರೆ ಬೀದಿಯ ತನಕ ಕೇಳುತ್ತಿತ್ತು. ಸಂಕಪ್ಪ ಹೋದ, ಬಂದ, ಕೂತ, ವಡೆ ಮುರಿದ. ಮತ್ತೆ ಎದ್ದ. ಈ ಸಲ ಸ್ವಾರಗೇಟ್ ಬಸ್‌ನಿಲ್ದಾಣದಲ್ಲಿ ಹೊರಟ ಬಸ್ಸು ಹಿಡಿಯುವವನ ಹಾಗೆ ಓಡಿದ. ತಿರುಗಿ ಬರುವಾಗ ಬಾಗಿಲಲ್ಲಿ ರಾಮಲಿಂಗಪ್ಪ ನಿಂತಿದ್ದ.

"ಯಾಕ್ರಿ ಶೆಟ್ರ, ಮುಂಜಾನಿಂದ ಇದು ಐದನೇ ಸಲ ಅಲ್ಲೇನ್ರಿ? ನಮ್ಮ ಆಫೀಸಿಗೂ ಚಿಲಕ ಕೇಳತದ!" ಎಂದು ಕೈಯೆತ್ತಿ ಐದೂ ಬೆರಳು ತೋರಿಸಿದ.

ಸುಲಭಾ ಮೇಡಂಗೆ ಕನ್ನಡ ಬಾರದು. ಆದರೆ ಐದು ಬೆರಳಿಗೆ ಕನ್ನಡ ಬೇಕಿರಲಿಲ್ಲ. ಅವಿನಾಶ್ ಬಾಯಿಗೆ ಹೊರಟಿದ್ದ ವಡೆಯನ್ನು ಮೆಲ್ಲಗೆ ತಟ್ಟೆಗಿಟ್ಟ.

"ಅಣ್ಣಾ, ನೀವು ದಿನಾ ಇಲ್ಲೇ ತಿನ್ನುತ್ತೀರಲ್ಲ?" ಎಂದರು ಮೇಡಂ.

"ಊಟದಿಂದಲ್ಲ ಮೇಡಂ, ಗುಳಿಗೆಯಿಂದ!" ಸಂಕಪ್ಪ ಗಲ್ಲಾದಿಂದ ಡಬ್ಬ ತಂದು ಟೇಬಲಿಗೆ ಕುಕ್ಕಿದ. "ಇವರು ಕೊಟ್ಟದ್ದು!"

ಮೇಡಂ ರಾಮಲಿಂಗಪ್ಪನ ಕಡೆ ತಿರುಗಿದರು. "ನೀವೂ ತೆಗೆದುಕೊಳ್ಳುತ್ತೀರಾ? ನಿಮಗೇನಾಗುತ್ತದೆ?"

"ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಏನೂ ಆಗಿಲ್ಲ" ಎಂದ ರಾಮಲಿಂಗಪ್ಪ ಮರಾಠಿಯಲ್ಲೇ, ಎದೆಯುಬ್ಬಿಸಿ.

ಸಂಕಪ್ಪನಿಗೆ ಸಿಟ್ಟು ನೆತ್ತಿಗೇರಿತು. ಕನ್ನಡದಲ್ಲೇ ಹರಿಹಾಯ್ದ. "ಸುಳ್ಳು! ಡಬ್ಬದ ಸೀಲು ಒಡೆದದ್ದು ನಾನು! ನೀವು ಒಂದಾದರೂ ತಿಂದವರಲ್ಲ. ಗಂಡಸಾದ್ರೆ ಈಗ ಮೂರು ನುಂಗಿ ನೋಡುವ!"

"ನುಂಗತೀನಿ, ಕೊಡ್ರಿ! ಜ್ವಾಳದ ರೊಟ್ಟಿ ತಿಂದ ಹೊಟ್ಟಿ ಇದು. ನಿಮ್ಮಂಗ ಇಡ್ಲಿ ಹೊಟ್ಟಿ ಅಲ್ಲ!"

ಎಲ್ಲರೆದುರು ಮೂರು ಗುಳಿಗೆ ಒಳಗೆ ಹೋದವು. ಸಂಕಪ್ಪ ಕೈಮುಗಿದು ಮರಾಠಿಯಲ್ಲಿ ಹೇಳಿದ. "ಸ್ವಲ್ಪ ಕಾಯಿರಿ ಮೇಡಂ. ಇವರೂ ಓಡುತ್ತಾರೆ. ಆಗ ನಿಮಗೇ ಗೊತ್ತಾಗುತ್ತದೆ."

"ಮಧ್ಯಾಹ್ನ ಒಂದು ಗಂಟೆಯ ತನಕ ಸಮಯವಿದೆ" ಎಂದು ಮೇಡಂ ಗಡಿಯಾರ ನೋಡಿದರು.

ಹೀಗೆ ಹಡಪಸರದ ಆ ಹೋಟೆಲಿನಲ್ಲಿ ಎಲ್ಲರೂ ಒಬ್ಬ ಗುಮಾಸ್ತನ ಮುಖ ನೋಡುತ್ತಾ ಕೂತರು. ಗಿರಾಕಿಗಳು ಬಿಲ್ಲು ಕೊಟ್ಟ ಮೇಲೂ ಎದ್ದು ಹೋಗಲಿಲ್ಲ. ರಾಮಲಿಂಗಪ್ಪ ಕಾಲ ಮೇಲೆ ಕಾಲು ಹಾಕಿ ಮದುಮಗನ ಹಾಗೆ ಬೀಗಿದ. ಅವನು ಆಫೀಸಿಗೆ ಎದ್ದು ಹೋದರೆ ಸಾಕ್ಷಿಯೇ ಹೋದ ಹಾಗೆ. ಅದಕ್ಕೆ ಸಂಕಪ್ಪ ಒಂದು ಮಸಾಲೆದೋಸೆ ತರಿಸಿದ. ಅದು ಮುಗಿಯಿತು. ಇನ್ನೊಂದು ತರಿಸಿದ. ಬಳಿಕ ಉಪ್ಪಿಟ್ಟು, ಮೇಲೆ ಕಾಫಿ. ನಡುವೆ ಚಿಲಕ ಎರಡು ಸಲ ಬಿತ್ತು. ಎರಡು ಸಲವೂ ಒಳಗೆ ಇದ್ದವನು ಸಂಕಪ್ಪನೇ.

"ಏನಾದ್ರೂ ಆಗ್ತದಾ?" ಎಂದು ಬಂದು ಬಂದು ಕೇಳಿದ.

"ಹಸಿವಿ ಆಗೇದ್ರಿ" ಎಂದ ರಾಮಲಿಂಗಪ್ಪ.

ಒಂದು ಗಂಟೆ ಹೊಡೆಯಿತು. ಸುಲಭಾ ಮೇಡಂ ಎದ್ದು ನಿಂತರು. "ಗುಳಿಗೆಯದೇನೂ ತಪ್ಪಿಲ್ಲ ಅಣ್ಣಾ. ಮುನ್ನೂರು ಜನರ ಹೊಟ್ಟೆಯ ಪ್ರಶ್ನೆ ನನ್ನದು." ಅವಿನಾಶ್ ಕಾಗದ ಮಡಚಿ ಕಿಸೆಗಿಟ್ಟ. ಇಬ್ಬರೂ ಕಾರು ಹತ್ತಿದರು.

ಕಾರು ಅಗೆದ ರಸ್ತೆ ದಾಟಿ ತಿರುವಿನಲ್ಲಿ ಮರೆಯಾಯಿತು. ಅದೇ ಗಳಿಗೆಯಲ್ಲಿ ರಾಮಲಿಂಗಪ್ಪನ ಕೈಯ ಕಾಫಿ ಲೋಟ ಅರ್ಧದಲ್ಲಿ ನಿಂತಿತು. ಮೀಸೆ ಇಳಿಯಿತು. ಹಣೆಯಲ್ಲಿ ಬೆವರು ಮೂಡಿತು.

"ಶೆಟ್ರ... ದಾರಿ ಬಿಡ್ರಿ."

"ಆಯ್ತಾ? ಆಯ್ತಾ?" ಸಂಕಪ್ಪ ಕುಣಿಯುವುದೊಂದು ಬಾಕಿ. ಕೂಡಲೇ, ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿ, ಮೇಡಂಗೆ ಫೋನು ಮಾಡಿದ. "ಮೇಡಂ, ತಿರುಗಿ ಬನ್ನಿ! ಅವರೂ ಓಡಿದರು! ಈಗಷ್ಟೇ ಓಡಿದರು!"



"ಅಣ್ಣಾ, ಗುಳಿಗೆ ನುಂಗಿ ಒಂದೂವರೆ ಗಂಟೆ ಅವರು ಕಲ್ಲಿನ ಹಾಗೆ ಕೂತಿದ್ದರು. ಓಡಿದ್ದು ನಿಮ್ಮ ಎರಡು ದೋಸೆ, ಉಪ್ಪಿಟ್ಟು ತಿಂದ ಮೇಲೆ ಅಲ್ಲವೇ? ನಾನು ವಡೆ ಮುಟ್ಟದೆ ಇದ್ದದ್ದೇ ಒಳ್ಳೆಯದಾಯಿತು" ಎಂದು ಫೋನು ಇಟ್ಟರು.

ಸುತ್ತಲಿನ ಗಿರಾಕಿಗಳು ಇದನ್ನು ಕೇಳಿದರು. ತಮ್ಮ ತಟ್ಟೆ ನೋಡಿದರು. ಒಬ್ಬೊಬ್ಬರಾಗಿ ಎದ್ದು ಕೈ ತೊಳೆಯತೊಡಗಿದರು. ಅಪ್ಪಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡಿದಳು. ಅವಳು ಬೈದಿದ್ದರೆ ವಾಸಿಯಿತ್ತು.

ಎಂಟನೇ ಸಲದ ಗ್ರೈಂಡರ್ ಶುರುವಾಯಿತು. ಸಂಕಪ್ಪ ಹೊಟ್ಟೆ ಹಿಡಿದು ಖಾಲಿ ಟೇಬಲುಗಳ ನಡುವೆ ಓಡಿ ಬಾಗಿಲು ತಳ್ಳಿದ. ಒಳಗಿನಿಂದ ಚಿಲಕ ಹಾಕಿತ್ತು.

"ರಾಮಲಿಂಗಪ್ಪ! ಬೇಗ ಬನ್ನಿ ಮಾರಾಯ್ರೆ!"

"ಬಂದೆರಿ ಶೆಟ್ರ" ಎಂದಿತು ಒಳಗಿನ ದನಿ.

ರಾಮಲಿಂಗಪ್ಪ ಬರಲಿಲ್ಲ.