ನಿಂಬೆಹಣ್ಣು ಸಾಲಲ್ಲ ಅಂಕಲ್

ನಮ್ಮನೇಲಿ ಏನಾದ್ರೂ ರಿಪೇರಿ ಶುರುವಾದ್ರೆ ಸಾಕು, ನಗೋ ಹಂಗೆ ಒಂದಾದ್ರೂ ಆಗೇ ಆಗುತ್ತೆ. ನಾನು ಓದೋದು ಜಾಸ್ತಿ, ಮಾತು ಕಮ್ಮಿ, ಅದಕ್ಕೆ ಇದನ್ನ ಯಾರಿಗೂ ಹೇಳಿರ್ಲಿಲ್ಲ.

ಆಫ್ ಮಾಡಿ ಆನ್ ಮಾಡು

ಸೋಮವಾರ ಅಮ್ಮನ ಡ್ರೈವಿಂಗ್ ಟೆಸ್ಟ್. ಹೋದ್ಸಲ ಫೇಲ್ ಆಗಿದ್ರು, ಪಾಪ. ಶುಕ್ರವಾರ ನೋಡಿದ್ರೆ ಕಾರು ಕೀಚ್ ಅಂತ ಕಿರುಚ್ತಿದೆ. ನಮ್ಮ ಏರಿಯಾದ ಬಾಟನಿ ಡೌನ್ಸ್ ಮಾಲ್ ಹತ್ರ ಬರೋಷ್ಟರಲ್ಲಿ ಬ್ಯಾಟರಿಯ ಕೆಂಪು ಲೈಟೂ ಬಂತು.

ಅಪ್ಪ ಸಾಫ್ಟ್‌ವೇರು. "ಏನಿಲ್ಲ, ಒಂದ್ಸಲ ಆಫ್ ಮಾಡಿ ಆನ್ ಮಾಡು" ಅಂದ್ರು.

ಅಮ್ಮ ಆಫ್ ಮಾಡಿದ್ರು. ಅದು ಮತ್ತೆ ಆನ್ ಆಗ್ಲೇ ಇಲ್ಲ.

"ಆಫೀಸಲ್ಲೂ ಹಿಂಗೇನಾ ನೀವು ಕೆಲಸ ಮಾಡೋದು?" ಅಂದ್ರು ಅಮ್ಮ.

ಬೆಲ್ಟ್ ಹೋಗೋ ದಾರಿ

ನಮ್ಮನ್ನ ಮನೆಗೆ ಎಳ್ಕೊಂಡು ಬಂದಿದ್ದು ಪಕ್ಕದ್ಮನೆ ಅಂಕಲ್, ಈ ದೇಶದೋರೇ; ಅವರ ಯೂಟ್‌ಗೆ, ಅಂದ್ರೆ ಪಿಕಪ್ ಗಾಡಿಗೆ, ಹಗ್ಗ ಕಟ್ಟಿ. ಬಾನೆಟ್ ಎತ್ತಿ ನೋಡಿ, "ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಹೋಗಿದೆ, ಬೆಲ್ಟೂ ಸವೆದಿದೆ. ಮನೇಲೇ ಹಾಕೋಣ" ಅಂದ್ರು. ಯಾರೂ ಕೇಳಿರ್ಲಿಲ್ಲ, ತಾವಾಗೇ ಶನಿವಾರ ಪೂರ್ತಿ ನಮಗೇ ಕೊಟ್ಬಿಟ್ರು.

ಅಂಕಲ್, ಅಪ್ಪ ಸೇರಿ ಬ್ಯಾಟರಿ ವೈರ್ ಬಿಚ್ಚಿ, ಹಳೇದನ್ನೆಲ್ಲ ತೆಗೆದು, ಹೊಸ ಆಲ್ಟರ್ನೇಟರ್ ಕೂರ್ಸಿದ್ರು. ಬೆಲ್ಟ್ ಯಾವ ಪುಲ್ಲಿ ಮೇಲೆ, ಯಾವುದರ ಕೆಳಗೆ ಅನ್ನೋದೇ ಇಬ್ಬರಿಗೂ ನೆನಪಿಲ್ಲ. ಅಪ್ಪ ಒಂಥರ ಸುತ್ತೋದು, ಅಂಕಲ್ ಬಿಚ್ಚೋದು. ಅರ್ಧ ಗಂಟೆ ಇದೇ ಆಯ್ತು. ಕೊನೆಗೆ ನಾನು ಸಣ್ಣಗೆ ಕೆಮ್ಮಿ, ಬಾನೆಟ್ ಒಳಗಡೆ ಅಂಟ್ಸಿರೋ ಚಿತ್ರ ತೋರಿಸ್ದೆ. ಬೆಲ್ಟ್ ದಾರಿ ಪೂರ್ತಿ ಅಲ್ಲಿತ್ತು.

"ಮೊದ್ಲೇ ಹೇಳೋಕಾಗಲ್ವೇನೇ?" ಅಪ್ಪ.

"ನೀವಿಬ್ರೂ ಮಾತಾಡ್ತಿದ್ರಿ."

"ನೋಡಿ, ಇವಳು ಲೈಬ್ರರಿ ಇದ್ದಂಗೆ" ಅಂದ್ರು ಅಪ್ಪ. "ನಾವೇ ಹೋಗಿ ಹುಡುಕ್ಬೇಕು."

ನಿಂಬೆಹಣ್ಣು

ಭಾನುವಾರ ಅಮ್ಮ ಹೊಸ ಆಲ್ಟರ್ನೇಟರ್‌ಗೆ ಕುಂಕುಮ ಇಟ್ರು. ನಿಂಬೆಹಣ್ಣು ಮಾತ್ರ ಮನೇಲಿರ್ಲಿಲ್ಲ. "ಅಂಕಲ್ ಹಿತ್ತಲಲ್ಲಿ ಮರ ಇದೆ, ಹೋಗಿ ಕೇಳು" ಅಂತ ಅಮ್ಮ ನನ್ನ ಕಳಿಸಿದ್ರು. ಬಾಗಿಲಲ್ಲಿ ನಿಂತು "ಲೆಮನ್. ಫೋರ್. ಪ್ಲೀಸ್" ಅಷ್ಟೇ ಅಂದೆ. ಅಂಕಲ್ ಒಂದು ಚೀಲ ತುಂಬ ಕೊಟ್ರು. ಅವರಿಗೆ ಥ್ಯಾಂಕ್ಸ್ ಹೇಳೋಕೆ ನಾವು ಪಾನಕ ಮಾಡ್ತೀವಿ ಅಂದ್ಕೊಂಡ್ರೇನೋ, ಗ್ಲಾಸ್ ಹಿಡ್ಕೊಂಡೇ ಬಂದ್ರು.

ಅವರ ಕಣ್ಣೆದುರೇ ನಮ್ಮ ಕಾರು ಅವರ ನಾಲ್ಕು ನಿಂಬೆಹಣ್ಣಿನ ಮೇಲೆ ಹತ್ತಿ ಇಳೀತು. ಅಂಕಲ್ ಸ್ವಲ್ಪ ಹೊತ್ತು ಟೈರ್ ನೋಡಿದ್ರು, ಆಮೇಲೆ ಖಾಲಿ ಗ್ಲಾಸ್ ನೋಡಿದ್ರು. ಅಪ್ಪ ದೃಷ್ಟಿ ವಿಷಯ ವಿವರಿಸ್ತಾನೇ ಇದ್ರು. ಅಮ್ಮ ಓಡಿ ಹೋಗಿ ಪಾನಕ ಮಾಡ್ಕೊಂಡು ಬಂದ್ರು.

ಸೋಮವಾರ ಅಮ್ಮ ಪಾಸ್! ಕಾರಿಂದ ಇಳಿದವರೇ ಸೀದಾ ಅಂಕಲ್ ಮನೆಗೆ ಹೋಗಿ ಕೈಮುಗಿದ್ರು.

ಮುಂದಿನ ವಾರ ಅಂಕಲ್ ಯೂಟ್‌ಗೆ ವಾರಂಟ್ ಚೆಕ್ ಇತ್ತು, ಅಂದ್ರೆ ಗಾಡಿ ರಸ್ತೆಗಿಳಿಯೋಕೆ ಸರಿಯಿದ್ಯಾ ಅನ್ನೋ ತಪಾಸಣೆ. ಬೆಳಗ್ಗೆ ನೋಡ್ತೀನಿ, ಅವರ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು! ಹತ್ತಿಸಿ ಇಳಿಸಿ, ನನ್ನ ಕಿಟಕಿ ಕಡೆ ತಿರುಗಿ, "ಈಗ ಪಾಸ್ ತಾನೆ?" ಅಂದ್ರು.

ಈ ಸಲ ನಾನು ಅರ್ಧ ಗಂಟೆ ಕಾಯ್ಲಿಲ್ಲ. "ಇಲ್ಲ ಅಂಕಲ್! ಹಿಂದಿನ ಟೈರ್ ಬೋಳಾಗಿದೆ. ಅದಕ್ಕೆ ನಿಂಬೆಹಣ್ಣು ಸಾಲಲ್ಲ!"

ಹೊಸ ಟೈರ್ ತರೋಕೆ ಅಂಕಲ್‌ನ ಅಂಗಡಿಗೆ ಅಮ್ಮನೇ ಕರ್ಕೊಂಡು ಹೊರಟ್ರು, ನಮ್ಮ ಕಾರಲ್ಲಿ. ಅಂಕಲ್ ಮಾತ್ರ ಹತ್ಲಿಲ್ಲ. ಬಗ್ಗಿ ಚಕ್ರದ ಕೆಳಗೆ ನೋಡಿ ಕೇಳಿದ್ರು:

"ಎಲ್ಲಿ, ನಿಂಬೆಹಣ್ಣು ಇಟ್ಟೇ ಇಲ್ಲ?"